ಟ್ರಿಪ್‌ಗೆ ಕಳಿಸಲ್ಲ ಅಂದೆ, ಮಗ ‘ಸದ್ಯ’ ಅಂದ

ಪ್ರಶ್ನೆ: ನಾನು ಮೈಸೂರಿನವಳು. ಮಗನಿಗೆ 10 ವರ್ಷ, ಐದನೇ ಕ್ಲಾಸು. ಶಾಲೆ ಮನೆಯಿಂದ ಅರ್ಧ ಕಿಲೋಮೀಟರ್ ಅಷ್ಟೇ. ಆದರೂ ಇವತ್ತಿನವರೆಗೆ ಒಂದು ದಿನವೂ ಅವನನ್ನು ಒಬ್ಬನೇ ಕಳಿಸಿಲ್ಲ. ಸ್ಕೂಟರ್‌ನಲ್ಲಿ ನಾನೇ ಬಿಡುತ್ತೇನೆ, ನಾನೇ ಕರೆದುಕೊಂಡು ಬರುತ್ತೇನೆ. ಕೆಳಗೆ ಆಡಲು ಹೋದರೆ ಅವನು ವಾಪಸ್ ಬರುವವರೆಗೆ ಬಾಲ್ಕನಿಯಲ್ಲಿ ನಿಂತಿರುತ್ತೇನೆ. ಕೈಗೆ ಜಿಪಿಎಸ್ ವಾಚ್ ಕಟ್ಟಿದ್ದೇನೆ. ವಾಟ್ಸಾಪ್‌ನಲ್ಲಿ ಮಕ್ಕಳ ಕಳ್ಳರ ವಿಡಿಯೋ ಬಂದ ದಿನ ನಿದ್ದೆ ಬರುವುದಿಲ್ಲ. ಗಂಡ ‘ನಿಂದು ಅತಿಯಾಯ್ತು’ ಅನ್ನುತ್ತಾರೆ. ಅತ್ತೆ ‘ನಾವೆಲ್ಲ ಕೆರೆಗೆ ಹಾರಿ ಬೆಳೆದವರು, ನಮಗೇನಾಯ್ತು’ ಅನ್ನುತ್ತಾರೆ. ಹೋದ ತಿಂಗಳು ಶಾಲೆಯಿಂದ ಬೇಲೂರು-ಹಳೇಬೀಡಿಗೆ ಒಂದು ದಿನದ ಟ್ರಿಪ್ ಇತ್ತು. ಕಳಿಸಲ್ಲ ಅಂದೆ. ಅಳುತ್ತಾನೆ, ಹಟ ಮಾಡುತ್ತಾನೆ ಅಂದುಕೊಂಡಿದ್ದೆ. ಅವನು ‘ಸದ್ಯ’ ಅಂದ. ಅವತ್ತಿನಿಂದ ನನಗೆ ಸಮಾಧಾನ ಇಲ್ಲ. ರಾತ್ರಿ ಒಬ್ಬನೇ ಮಲಗುವುದಿಲ್ಲ. ಬೆಳಿಗ್ಗೆ ಶಾಲೆಗೆ ಹೊರಡುವಾಗ ಹೊಟ್ಟೆನೋವು ಅನ್ನುತ್ತಾನೆ. ‘ನೀನು ಬರೋದು ಲೇಟಾದ್ರೆ ನನ್ನ ಯಾರಾದ್ರೂ ಎತ್ಕೊಂಡು ಹೋಗ್ತಾರಾ?’ ಅಂತ ದಿನಾ ಕೇಳುತ್ತಾನೆ. ಅವನು ಏಳೂವರೆ ತಿಂಗಳಿಗೇ ಹುಟ್ಟಿದವನು, 17 ದಿನ ಎನ್‌ಐಸಿಯುನಲ್ಲಿದ್ದ, ಅದೇ, ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ. ಈಗ ಆರೋಗ್ಯವಾಗಿದ್ದಾನೆ. ಕಾಲ ಕೆಟ್ಟಿರುವುದು ನಿಜ ಅಲ್ವಾ? ಅಥವಾ ನಾನೇ ಅವನನ್ನು ಹಾಳು ಮಾಡಿಬಿಟ್ಟೆನಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದನ್ನೆಲ್ಲ ನೀವು ಅದೇ ಸಂಕಟದಲ್ಲಿ ಓದುತ್ತೀರಿ. ಇಲ್ಲ, ನೀವು ಅವನನ್ನು ಹಾಳು ಮಾಡಿಲ್ಲ. ಅವನಿಗೆ 10 ವರ್ಷ, ಇನ್ನೂ ಬೇಕಾದಷ್ಟು ಸಮಯ ಇದೆ. ಮಗ ‘ಸದ್ಯ’ ಅಂದಾಗ ಎಷ್ಟೋ ತಾಯಂದಿರು ‘ಅಬ್ಬ, ಗಲಾಟೆ ಮಾಡಲಿಲ್ಲ’ ಅಂತ ಖುಷಿಪಟ್ಟು ಸುಮ್ಮನಾಗುತ್ತಿದ್ದರು. ನೀವು ಆ ಒಂದು ಪದಕ್ಕೆ ಬೆಚ್ಚಿಬಿದ್ದಿರಿ. ಬೆಚ್ಚಿಬೀಳಬೇಕಾದ ಮಾತೇ ಅದು. ಐದನೇ ಕ್ಲಾಸಿನ ಹುಡುಗನಿಗೆ ಗೆಳೆಯರ ಜೊತೆ ಬಸ್ಸಿನಲ್ಲಿ ಹೋಗುವ ಆಸೆಗಿಂತ ಹೋಗುವ ಭಯ ದೊಡ್ಡದಾಗಿದೆ ಅಂದರೆ, ಆ ಭಯ ಈಗ ನಿಮ್ಮೊಬ್ಬರದೇ ಅಲ್ಲ, ಅವನದೂ ಆಗಿದೆ.

ಇನ್ನು ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಮಾತು. 17 ದಿನ ಎನ್‌ಐಸಿಯು. ನನಗೆ ಕಣ್ಣು ಅಲ್ಲೇ ನಿಂತಿತು.

ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಷ್ಟು ಮಗು, ಮೂಗಿಗೆ ಪೈಪು, ಪಕ್ಕದಲ್ಲಿ ಮೆಷಿನ್ ಕೂಗಿದಾಗಲೆಲ್ಲ ಓಡಿಬರುವ ನರ್ಸು, ಎತ್ತಿಕೊಳ್ಳಲಾರದೆ ಹೊರಗೆ ನಿಂತ ನೀವು. ಆ 17 ದಿನ ನಿಮ್ಮ ಮೈ ಒಂದು ಪಾಠ ಕಲಿತಿದೆ. ‘ನಾನು ಕಣ್ಣು ಮುಚ್ಚಿದರೆ ಇವನು ಉಳಿಯಲ್ಲ’ ಅನ್ನುವ ಪಾಠ. ಅವತ್ತಿಗೆ ಅದು ಸರಿ. ಆದರೆ ಮಗು ಡಿಸ್ಚಾರ್ಜ್ ಆಗಿ ಮನೆಗೆ ಬಂದಾಗ ಆ ಪಾಠ ಡಿಸ್ಚಾರ್ಜ್ ಆಗಲಿಲ್ಲ. ಇದು ನಿಮ್ಮೊಬ್ಬರ ಕಥೆ ಅಲ್ಲ. 1964ರಲ್ಲೇ ಗ್ರೀನ್ ಮತ್ತು ಸಾಲ್ನಿಟ್ ಅನ್ನುವ ಇಬ್ಬರು ಅಮೆರಿಕನ್ ವೈದ್ಯರು ಇದನ್ನು ಗುರುತಿಸಿ ಬರೆದಿದ್ದಾರೆ. ಒಮ್ಮೆ ಕೈತಪ್ಪಿಹೋಗುವ ಹಾಗಿದ್ದು ಉಳಿದ ಮಗುವನ್ನು, ಅದು ಪೂರ್ತಿ ಗುಣವಾದ ಮೇಲೂ ತಂದೆ-ತಾಯಿ ಈಗಲೋ ಆಗಲೋ ಹೋಗಿಬಿಡುವ ಮಗುವಿನಂತೆಯೇ ನೋಡುತ್ತಾರೆ. ಅಂಥ ಮಕ್ಕಳಲ್ಲಿ ಅಮ್ಮನನ್ನು ಬಿಟ್ಟಿರಲಾಗದ ಕಷ್ಟ, ನಿದ್ದೆಯ ತೊಂದರೆ, ಪದೇಪದೇ ಹೊಟ್ಟೆನೋವು-ತಲೆನೋವು ಕಾಣಿಸುತ್ತವೆ ಅಂತ ಅವರು ಆಗಲೇ ಹೇಳಿದ್ದರು. ನಿಮ್ಮ ಪತ್ರದಲ್ಲಿ ಮೂರೂ ಇವೆ.

ಬಾಲ್ಕನಿಯಲ್ಲಿ ನಿಂತು ನೀವು ಕಾಯುತ್ತಿರುವುದು ಕೆಳಗೆ ಕ್ರಿಕೆಟ್ ಆಡುವ ಹುಡುಗನನ್ನಲ್ಲ, ಆ ಪೆಟ್ಟಿಗೆಯೊಳಗಿನ ಮಗುವನ್ನು. ಇದನ್ನು ದೂಷಣೆ ಅಂತ ತಿಳಿಯಬೇಡಿ. ಭಯ ಎಲ್ಲಿಂದ ಬಂತು ಅಂತ ಗೊತ್ತಾದರೆ ಅದರ ಜೊತೆ ಮಾತಾಡಬಹುದು. ಗೊತ್ತಾಗದಿದ್ದರೆ ಅದು ದಿನಾ ಹೊಸ ವೇಷದಲ್ಲಿ ಬರುತ್ತದೆ, ಒಂದು ದಿನ ಮಕ್ಕಳ ಕಳ್ಳ, ಒಂದು ದಿನ ನಾಯಿ, ಒಂದು ದಿನ ಟ್ರಿಪ್ ಬಸ್ಸಿನ ಬ್ರೇಕು.

ಈಗ ‘ಕಾಲ ಕೆಟ್ಟಿದೆ’ ಅನ್ನುವ ಮಾತಿಗೆ ಬರೋಣ. ಇದರಲ್ಲಿ ನಿಜ ಇದೆ, ಸುಳ್ಳೂ ಇದೆ, ಎರಡೂ ಕಲಸಿಕೊಂಡಿವೆ.

ಮಕ್ಕಳ ಕಳ್ಳರ ವಿಡಿಯೋ ಅಂದಿರಲ್ಲ, 2018 ನೆನಪಿದೆಯಾ? ಆ ವರ್ಷ ಒಂದು ವಿಡಿಯೋ ಊರೂರು ಸುತ್ತಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಪಾಕಿಸ್ತಾನದ ಕರಾಚಿಯಲ್ಲಿ ಜನಜಾಗೃತಿಗೆ ಅಂತ ನಟಿಸಿ ತೆಗೆದದ್ದು. ಕೊನೆಯಲ್ಲಿ ಅವರೇ ಮಗುವನ್ನು ವಾಪಸ್ ತಂದುಬಿಟ್ಟು ಒಂದು ಬೋರ್ಡು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಹರಿಬಿಟ್ಟರು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನನ್ನು ಮಕ್ಕಳ ಕಳ್ಳ ಅಂತ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ತಪ್ಪಾಗಿ, ಹೈದರಾಬಾದಿನ ಒಬ್ಬ ಎಂಜಿನಿಯರ್ ಜೀವ ಹೋಯಿತು. ಅವರು ಯಾರೂ ಮಕ್ಕಳ ಕಳ್ಳರಾಗಿರಲಿಲ್ಲ. ನಿಮ್ಮ ಫೋನಿಗೆ ಈಗಲೂ ಬರುವುದು ಅದೇ ಜಾತಿಯ ವಿಡಿಯೋಗಳು. ವಾಟ್ಸಾಪ್ ಇಲ್ಲದ ಕಾಲದಲ್ಲೂ ಇದು ನಡೆಯುತ್ತಿತ್ತು ಅನ್ನಿ. ತೊಂಬತ್ತರ ದಶಕದಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವಕ್ಕೆ ಹೆದರಿ ನಮ್ಮ ಬೀದಿಯಲ್ಲೂ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದರು. ಸುಣ್ಣದಲ್ಲಿ ಬರೆದ ಆ ಅಕ್ಷರ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ವ್ಯತ್ಯಾಸ ಇಷ್ಟೇ. ಆಗ ಸುದ್ದಿ ಊರಿಂದ ಊರಿಗೆ ಬರಲು ವಾರಗಟ್ಟಲೆ ಹಿಡಿಯುತ್ತಿತ್ತು. ಈಗ ಬೆಳಗಿನ ಕಾಫಿಗೆ ಮೊದಲೇ ಕೈಗೆ ಬರುತ್ತದೆ, ಮತ್ತೆ ಮತ್ತೆ ಬರುತ್ತದೆ. ಒಂದು ಸಂಗತಿ ಎಷ್ಟು ಸುಲಭವಾಗಿ ನೆನಪಿಗೆ ಬರುತ್ತದೋ ಅದು ಅಷ್ಟು ಜಾಸ್ತಿ ನಡೆಯುತ್ತದೆ ಅಂತ ನಮ್ಮ ಮನಸ್ಸು ಲೆಕ್ಕ ಹಾಕುತ್ತದೆ. ಕಾನೆಮನ್ ಮತ್ತು ಟ್ವೆರ್ಸ್ಕಿ ಅನ್ನುವ ಮನಶ್ಶಾಸ್ತ್ರಜ್ಞರು 1973ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ.

‘ಮತ್ತೆ ಪೇಪರಿನಲ್ಲಿ ಅಷ್ಟೊಂದು ಅಪಹರಣದ ಅಂಕಿಸಂಖ್ಯೆ ಬರುತ್ತದಲ್ಲ’ ಅಂತ ಕೇಳಬಹುದು. ಹೌದು, ಬರುತ್ತದೆ. ಅದರ ಹಿಂದೆ ಒಂದು ಕಾರಣ ಇದೆ. 2013ರ ಮೇನಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಮಗು ಕಾಣೆಯಾಗಿದೆ ಅಂತ ದೂರು ಬಂದರೆ ಅಪಹರಣ ಅಥವಾ ಸಾಗಣೆ ಅಂತಲೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕು ಅಂತ. ತುಂಬ ಒಳ್ಳೆಯ ಆದೇಶ, ಪೊಲೀಸರು ‘ಎಲ್ಲೋ ಹೋಗಿರ್ತಾನೆ, ಬರ್ತಾನೆ ಬಿಡಿ’ ಅನ್ನುವುದನ್ನು ಅದು ತಪ್ಪಿಸಿತು. ಆದರೆ ಅದರಿಂದ, ಮಾರ್ಕ್ಸ್ ಕಡಿಮೆ ಬಂತು ಅಂತ ಮನೆ ಬಿಟ್ಟು ಅಜ್ಜಿ ಮನೆಗೆ ಬಸ್ ಹತ್ತಿದ ಹುಡುಗನೂ, ಪ್ರೀತಿಸಿದವನ ಜೊತೆ ಹೋದ 17ರ ಹುಡುಗಿಯೂ ಅದೇ ಲೆಕ್ಕದಲ್ಲಿ ಬರುತ್ತಾರೆ. ಎಲ್ಲವೂ ಗೋಣಿಚೀಲ ಹಿಡಿದು ಬಂದ ಅಪರಿಚಿತನ ಕೆಲಸ ಅಲ್ಲ.

ಹಾಗಾದರೆ ಅಪಾಯವೇ ಇಲ್ಲವಾ? ಇದೆ. ಆದರೆ ನೀವು ಕಾಯುತ್ತಿರುವ ಬಾಗಿಲಲ್ಲಿ ಇಲ್ಲ, ನನ್ನ ಕಾಳಜಿ ಇರುವುದೇ ಇಲ್ಲಿ. ಪೋಕ್ಸೊ ಕಾಯ್ದೆಯಡಿ ದಾಖಲಾಗುವ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಗೊತ್ತಿರುವವನೇ. ನೆಂಟ, ನೆರೆಯವ, ಟ್ಯೂಷನ್‌ನವ, ಮನೆಗೆ ಬಂದುಹೋಗುವವ. ಇದಕ್ಕೆ ಬಾಲ್ಕನಿಯಲ್ಲಿ ನಿಂತು ಕಾದರೆ ಆಗುವುದಿಲ್ಲ. ‘ಗೊತ್ತಿಲ್ಲದವರ ಹತ್ತಿರ ಮಾತಾಡಬೇಡ’ ಅಂತ ನೂರು ಸಲ ಹೇಳಿದರೂ ಆಗುವುದಿಲ್ಲ. ‘ನಿನ್ನ ಚಡ್ಡಿಯೊಳಗಿನ ಜಾಗ ನಿಂದು, ಅಲ್ಲಿ ಯಾರೂ ಮುಟ್ಟಬಾರದು, ಮುಟ್ಟಿ “ಅಮ್ಮಂಗೆ ಹೇಳ್ಬೇಡ” ಅಂದರೆ ಅದನ್ನ ಮೊದಲು ಅಮ್ಮಂಗೇ ಹೇಳು, ನಾನು ಬೈಯಲ್ಲ’ ಅಂತ ಹೇಳಿಕೊಡಬೇಕು. ಈ ಕೊನೆಯ ಎರಡು ಪದ ಮುಖ್ಯ.

ಯಾಕೆ ಅಂದರೆ, ಅಮ್ಮ ಗಾಬರಿಯಾಗುತ್ತಾಳೆ ಅಂತ ಗೊತ್ತಿರುವ ಮಕ್ಕಳು ವಿಷಯ ಮುಚ್ಚಿಡುತ್ತಾರೆ. ಇದನ್ನು ಎಷ್ಟೋ ಸಲ ನೋಡಿದ್ದೇನೆ. ನಾಯಿ ಪರಚಿದ್ದನ್ನು ಮೂರು ದಿನ ಉದ್ದ ತೋಳಿನ ಅಂಗಿ ಹಾಕಿ ಬಚ್ಚಿಟ್ಟ ಹುಡುಗಿ ಒಬ್ಬಳು ನನಗೆ ಮರೆಯುವುದಿಲ್ಲ. ‘ಯಾಕೆ ಪುಟ್ಟಿ ಹೇಳಲಿಲ್ಲ’ ಅಂದರೆ, ‘ಅಮ್ಮ ಇನ್ನು ಕೆಳಗೇ ಬಿಡಲ್ಲ’ ಅಂದಳು. ರೇಬೀಸ್‌ಗೆ ಲಸಿಕೆ ಇದೆ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋದರೆ ಜೀವ ಉಳಿಯುತ್ತದೆ. ರೋಗ ಕಾಣಿಸಿಕೊಂಡ ಮೇಲೆ ಹೆಚ್ಚುಕಡಿಮೆ ಏನೂ ಮಾಡಲಾಗುವುದಿಲ್ಲ. ಆ ಹುಡುಗಿ ಉಳಿದಳು, ಅಂಗಿ ಒಗೆಯುವಾಗ ಅಜ್ಜಿಗೆ ರಕ್ತದ ಕಲೆ ಕಂಡಿತು. ಆ ತಾಯಿ ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದವರೇ.

ಇನ್ನೊಂದು ವಿಷಯ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸ್ಕೂಟರ್‌ನಲ್ಲಿ ಬಿಡುತ್ತೀರಲ್ಲ, ಅವನಿಗೆ ಹೆಲ್ಮೆಟ್ ಇದೆಯಾ? ‘ಅರ್ಧ ಕಿಲೋಮೀಟರ್ ತಾನೇ’ ಅಂತ ಬಹಳ ಜನ ಹಾಕಿಸುವುದಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1 ಲಕ್ಷ 68 ಸಾವಿರಕ್ಕೂ ಹೆಚ್ಚು, ಅದರಲ್ಲಿ ದ್ವಿಚಕ್ರದವರೇ ಜಾಸ್ತಿ. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ, ಅದಕ್ಕಿಂತ ಚಿಕ್ಕವರಿಗೂ 2022ರಲ್ಲಿ ಪ್ರತ್ಯೇಕ ನಿಯಮ ಬಂದಿದೆ. ಅಪರಿಚಿತನ ಭಯದಿಂದ ಮಗನನ್ನು ನೀವು ಹತ್ತಿಸಿಕೊಳ್ಳುವ ಆ ಸ್ಕೂಟರೇ ಅವನ ದಿನದಲ್ಲಿ ದೊಡ್ಡ ಅಪಾಯದ ಜಾಗ ಇರಬಹುದು. ಎರಡನೆಯದು ನೀರು. ಮಕ್ಕಳ ಸಾವಿಗೆ ಮುಳುಗುವುದು ದೊಡ್ಡ ಕಾರಣಗಳಲ್ಲಿ ಒಂದು, ನಮ್ಮ ಕಡೆ ಕೆರೆ, ಕಾಲುವೆ, ಕೃಷಿಹೊಂಡ ಎಲ್ಲ ಊರಲ್ಲೂ ಇವೆ. ಅವನಿಗೆ ಈಜು ಕಲಿಸಿದ್ದೀರಾ? ಇಲ್ಲ ಅಂದರೆ ಜಿಪಿಎಸ್ ವಾಚಿಗೆ ಕೊಟ್ಟ ದುಡ್ಡು ಈಜಿನ ಕ್ಲಾಸಿಗೆ ಹೋಗಿದ್ದರೆ ಚೆನ್ನಾಗಿತ್ತು ಅಂತ ನನ್ನ ಅಭಿಪ್ರಾಯ.

ಅತ್ತೆಯವರ ಮಾತಿಗೂ ಒಂದು ಉತ್ತರ ಬೇಕು. ‘ನಾವು ಕೆರೆಗೆ ಹಾರಿ ಬೆಳೆದವರು’ ಅನ್ನುವುದನ್ನು ಹೇಳುವವರು ಉಳಿದವರು ಮಾತ್ರ. ಕೆರೆಯಿಂದ ಮೇಲೆ ಬಾರದ ಮಕ್ಕಳೂ ಪ್ರತಿ ಊರಲ್ಲೂ ಇದ್ದರು, ಅವರ ಹೆಸರನ್ನು ಆಮೇಲೆ ಹುಟ್ಟಿದ ತಮ್ಮನಿಗೋ ತಂಗಿಯ ಮಗನಿಗೋ ಇಡುತ್ತಿದ್ದರು. 1990ರ ಸುಮಾರಿಗೂ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 120ಕ್ಕೂ ಹೆಚ್ಚು ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಈಗ ಆ ಸಂಖ್ಯೆ 30ರ ಆಸುಪಾಸಿನಲ್ಲಿದೆ. ಅಂದರೆ ಕಾಲ ಕೆಟ್ಟಿಲ್ಲ, ಮಕ್ಕಳ ಮಟ್ಟಿಗೆ ತುಂಬ ಒಳ್ಳೆಯದಾಗಿದೆ. ಆದರೆ ಒಂದು ವಿಷಯದಲ್ಲಿ ಅತ್ತೆ ಹೇಳುವುದು ಸರಿ. ಆಗ ಬೀದಿಗೆ ಕಣ್ಣಿತ್ತು. ಜಗಲಿಯಲ್ಲಿ ಕೂತ ಅಜ್ಜ, ಅಕ್ಕಿ ಆರಿಸುತ್ತಿದ್ದ ಪಕ್ಕದ ಮನೆಯಾಕೆ, ‘ಏಯ್, ಇಂಥವರ ಮಗ ಅಲ್ವೇನೋ ನೀನು, ಇಳಿ ಮರದಿಂದ’ ಅನ್ನುವ ಅಂಗಡಿಯವನು. ಹತ್ತು ಜನ ಹಂಚಿಕೊಂಡು ಮಾಡುತ್ತಿದ್ದ ಕೆಲಸವನ್ನು ಈಗ ಮೂರನೇ ಮಹಡಿಯ ಬಾಲ್ಕನಿಯಲ್ಲಿ ನೀವೊಬ್ಬರೇ ಮಾಡುತ್ತಿದ್ದೀರಿ. ಮನೆಗೆ ಒಂದೋ ಎರಡೋ ಮಕ್ಕಳು, ನೋಡಿಕೊಳ್ಳಲು ಒಬ್ಬಳೇ ತಾಯಿ, ಏನಾದರೂ ಆದರೆ ‘ಅಮ್ಮ ಏನ್ ಮಾಡ್ತಿದ್ಲು’ ಅಂತ ಕೇಳುವ ನೂರು ಬಾಯಿ. ನಿಮ್ಮ ಭಯ ಜಾಸ್ತಿಯಾಗಿದ್ದರಲ್ಲಿ ಆಶ್ಚರ್ಯ ಏನಿದೆ?

ಈಗ ಮಗನ ವಿಷಯ. ಅಮ್ಮನ ಭಯ ಮಗುವಿಗೆ ಹೇಗೆ ದಾಟುತ್ತದೆ?

ಮಾತಿನಿಂದ ಅಲ್ಲ, ಮುಖದಿಂದ. 2002ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಅಧ್ಯಯನ ನಡೆಯಿತು. ಒಂದೂವರೆ ವರ್ಷದ ಆಸುಪಾಸಿನ ಮಕ್ಕಳ ಮುಂದೆ ರಬ್ಬರ್ ಹಾವು, ರಬ್ಬರ್ ಜೇಡ ಇಟ್ಟರು. ತಾಯಂದಿರಿಗೆ ಒಮ್ಮೆ ನಗುಮುಖ ಮಾಡಿ, ಒಮ್ಮೆ ಹೆದರಿದ ಮುಖ ಮಾಡಿ ಅಂದರು. ಅಮ್ಮ ಹೆದರಿದ ಮುಖ ಮಾಡಿದ ಆಟಿಕೆಯನ್ನು ಮಕ್ಕಳು ಆಮೇಲೆ ಅಮ್ಮ ಸುಮ್ಮನಿದ್ದಾಗಲೂ ಮುಟ್ಟಲು ಹಿಂಜರಿದವು. ಒಂದೇ ಒಂದು ಸಲದ ಮುಖ ಸಾಕಾಯಿತು. ನಿಮ್ಮ ಮಗ ಹತ್ತು ವರ್ಷದಿಂದ ನಿಮ್ಮ ಮುಖ ಓದುತ್ತಿದ್ದಾನೆ. ಗೇಟಿನಲ್ಲಿ ಬಿಡುವಾಗ ‘ಜೋಪಾನ ಕಂದ, ಜೋಪಾನ’ ಅಂತ ಎರಡೆರಡು ಸಲ ಹೇಳುತ್ತೀರಲ್ಲ, ಅವನಿಗೆ ಕೇಳಿಸುವುದು ‘ಒಳಗೆ ಏನೋ ಇದೆ’ ಅಂತ. ಹುಟ್ಟುಗುಣವೂ ಇದರಲ್ಲಿ ಸೇರಿರುತ್ತದೆ, ಕೆಲವು ಮಕ್ಕಳು ಹುಟ್ಟಿನಿಂದಲೇ ಸೂಕ್ಷ್ಮ. ಹಾಗಾಗಿ ಪೂರ್ತಿ ಭಾರವನ್ನು ನಿಮ್ಮ ತಲೆಗೇ ಕಟ್ಟಿಕೊಳ್ಳಬೇಡಿ.

ಎರಡನೆಯ ದಾರಿ ಇನ್ನೂ ಸೂಕ್ಷ್ಮ. ನಾನು ಮಕ್ಕಳನ್ನು ನೋಡುವ ಕೋಣೆಯಲ್ಲಿ ನಡೆದದ್ದು ಹೇಳುತ್ತೇನೆ. ಒಂಬತ್ತು ವರ್ಷದ ಹುಡುಗ, ಜೊತೆಗೆ ಅಮ್ಮ. ಅವನಿಗೆ ಬಾಯಾರಿಕೆ. ಸ್ಟೀಲ್ ಬಾಟಲಿ ತೆಗೆದ, ಮುಚ್ಚಳ ತಿರುಗಿಸಿದ, ಬರಲಿಲ್ಲ. ಒಂದೇ ಒಂದು ಸಲ ತಿರುಗಿಸಿದ್ದು. ಅಷ್ಟರಲ್ಲಿ ಅಮ್ಮನ ಕೈ ಬಾಟಲಿ ಮೇಲಿತ್ತು. ‘ಒಂದ್ನಿಮಿಷ ಬಿಡಿ’ ಅಂದೆ. ಅವನು ಅಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ. ಕಣ್ಣಲ್ಲಿ ನೀರು ತುಂಬಿತು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರು. ಅವನು ಬಾಟಲಿಯನ್ನು ಎರಡು ಮಂಡಿ ನಡುವೆ ಸಿಕ್ಕಿಸಿಕೊಂಡು, ಅಂಗಿಯ ತುದಿಯನ್ನು ಮುಚ್ಚಳಕ್ಕೆ ಸುತ್ತಿ, ಹಲ್ಲು ಕಚ್ಚಿ ತಿರುಗಿಸಿದ. ಟಕ್ ಅಂತ ಬಿಚ್ಚಿತು. ಅರ್ಧ ನೀರು ಪ್ಯಾಂಟಿನ ಮೇಲೆ ಚೆಲ್ಲಿತು. ಅವನು ಕುಡಿಯುವುದನ್ನೇ ಮರೆತು ಮುಚ್ಚಳ ನೋಡುತ್ತಾ ಕೂತಿದ್ದ. ಇಷ್ಟಕ್ಕೆಲ್ಲ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಆ ತಾಯಿ ಆಮೇಲೆ ಹೇಳಿದರು, ‘ಮೇಡಂ, ಆ ಒಂದು ನಿಮಿಷ ನನಗೆ ತಡ್ಕೊಳ್ಳೋಕೆ ಆಗಲಿಲ್ಲ.’

ಇಡೀ ಸಮಸ್ಯೆ ಆ ಮಾತಲ್ಲಿದೆ. ಭಯ ಆದಾಗ ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ, ಅದು ಏರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಮೈಯ ಕೆಲಸವೇ ಹಾಗೆ. ಆದರೆ ಏರುತ್ತಿರುವಾಗಲೇ ನಾವು ಮಧ್ಯೆ ಹೋಗಿ ಮಗುವನ್ನು ಹೊರಗೆ ಎಳೆದರೆ, ಇಳಿಯುತ್ತದೆ ಅನ್ನುವುದು ಅದಕ್ಕೆ ಗೊತ್ತೇ ಆಗುವುದಿಲ್ಲ. ‘ಅಮ್ಮ ಬಂದಳು, ಅದಕ್ಕೆ ಉಳಿದೆ’ ಅಂತ ಕಲಿಯುತ್ತದೆ. ಮಾರನೆ ದಿನ ಭಯ ಇನ್ನೂ ಬೇಗ ಬರುತ್ತದೆ. ಟ್ರಿಪ್ ರದ್ದಾದಾಗ ನಿಮ್ಮ ಮಗನಿಗೆ ಸಿಕ್ಕ ಆ ‘ಸದ್ಯ’ ಇದೆಯಲ್ಲ, ಅವನ ಭಯಕ್ಕೆ ಹಾಕಿದ ನೀರು-ಗೊಬ್ಬರ ಅದೇ. ನಿಮಗೂ ಅವತ್ತು ಒಂದು ಕ್ಷಣ ‘ಸದ್ಯ’ ಅನ್ನಿಸಿರುತ್ತದೆ, ಇಬ್ಬರದೂ ಒಂದೇ.

ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ದೊಡ್ಡವರಾಗುವವರೆಗೂ ಗಮನಿಸುತ್ತಾ ಬಂದಿದ್ದಾರೆ. ಅದರಲ್ಲಿ ಒಂದು ಸಂಗತಿ ನನಗೆ ತುಂಬ ಇಷ್ಟ. ಐದರಿಂದ ಒಂಬತ್ತು ವರ್ಷದೊಳಗೆ ಎತ್ತರದಿಂದ ಬಿದ್ದು ಪೆಟ್ಟು ಮಾಡಿಕೊಂಡ ಮಕ್ಕಳಿಗೆ ಎತ್ತರ ಕಂಡರೆ ಭಯ ಜಾಸ್ತಿ ಇರಬೇಕು ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? 18ನೇ ವಯಸ್ಸಿನಲ್ಲಿ ಕೇಳಿದಾಗ ಎತ್ತರದ ಭಯ ಇಲ್ಲದವರಲ್ಲೇ ಹಾಗೆ ಬಿದ್ದಿದ್ದವರು ಜಾಸ್ತಿ ಇದ್ದರು. ಮಗನನ್ನು ಬೀಳಿಸಿ ಅಂತ ನಾನು ಹೇಳುತ್ತಿಲ್ಲ. ಮರ ಹತ್ತುವ ಮಗು ಎತ್ತರವನ್ನು ಮರದ ಮೇಲೇ ಕಲಿಯುತ್ತದೆ, ಕೆಳಗೆ ನಿಂತು ಕಲಿಯಲಾಗುವುದಿಲ್ಲ.

ಏನು ಮಾಡಬಹುದು, ಯಾವುದರಲ್ಲಿ ಏನು ಅಪಾಯ ಅಂತ ಹೇಳುತ್ತೇನೆ.

‘ದೊಡ್ಡವನಾದ ಮೇಲೆ ತಾನೇ ಸರಿಹೋಗ್ತಾನೆ’ ಅಂತ ಬಿಡಬಹುದು. ಕೆಲವರು ಸರಿಹೋಗುತ್ತಾರೆ. ಆದರೆ ಹೊಟ್ಟೆನೋವು ಶುರುವಾಗಿದೆ ಅನ್ನುವುದು ನನಗೆ ಸರಿ ಕಾಣುತ್ತಿಲ್ಲ. ಇದು ಮುಂದೆ ಶಾಲೆಗೇ ಹೋಗಲ್ಲ ಅನ್ನುವ ಹಂತಕ್ಕೆ ಬರಬಹುದು, ಏಳು-ಎಂಟನೇ ಕ್ಲಾಸಿನಲ್ಲಿ ಹಾಗೆ ಮನೆಯಲ್ಲಿ ಕೂತ ಮಕ್ಕಳನ್ನು ವಾಪಸ್ ಕಳಿಸಲು ನಾವು ತಿಂಗಳುಗಟ್ಟಲೆ ಒದ್ದಾಡುತ್ತೇವೆ. ಹೊಟ್ಟೆನೋವು ನಾಟಕ ಅಂತ ಮಾತ್ರ ಯಾರೂ ಅನ್ನಬೇಡಿ, ಅದು ನಿಜವಾದ ನೋವೇ. ಮೊದಲು ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. ರಜಾ ದಿನ ಇಲ್ಲದ ನೋವು ಶಾಲೆಯ ದಿನ ಮಾತ್ರ ಬರುತ್ತದಾ ಅಂತ ಗಮನಿಸಿ.

ನಿಮ್ಮ ಮನೆಯವರು ಹೇಳಬಹುದಾದ ದಾರಿ ಇನ್ನೊಂದು. ‘ನಾಳೆಯಿಂದ ಒಬ್ಬನೇ ನಡ್ಕೊಂಡು ಹೋಗ್ಲಿ, ಒಬ್ಬನೇ ಮಲಗ್ಲಿ, ಗಂಡಸಲ್ವಾ.’ ಇದು ಬೇಡ. ಈಜು ಬಾರದವನನ್ನು ಬಾವಿಗೆ ತಳ್ಳಿದರೆ ಅವನು ಈಜು ಕಲಿಯುವುದಿಲ್ಲ, ತಳ್ಳಿದವರನ್ನು ನಂಬುವುದನ್ನು ಬಿಡುತ್ತಾನೆ. ಗಂಡ-ಹೆಂಡತಿ ಇಬ್ಬರೂ ಎರಡು ದಿಕ್ಕಿಗೆ ಎಳೆದರಂತೂ ಮಗು ಭಯ ಇರುವ ಕಡೆಗೇ ವಾಲುತ್ತದೆ. ಒಂದು ಸಂಜೆ ಅವನು ಮಲಗಿದ ಮೇಲೆ ಇಬ್ಬರೂ ಕೂತು ಮಾತಾಡಿ. ಆ 17 ದಿನದ ಬಗ್ಗೆಯೂ ಮಾತಾಡಿ. ಅವರಿಗೂ ಅದು ನೆನಪಿರುತ್ತದೆ, ಗಂಡಸರು ಹೇಳಿಕೊಳ್ಳುವುದಿಲ್ಲ ಅಷ್ಟೇ.

ನಾನು ಹೇಳುವುದು ಮೂರನೆಯ ದಾರಿ, ಮೆಟ್ಟಿಲು ಮೆಟ್ಟಿಲಾಗಿ. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಅವರ ತಂಡ ಒಂದು ಪ್ರಯೋಗ ಮಾಡಿತ್ತು. ಆತಂಕದ ತೊಂದರೆ ಇರುವ ಮಕ್ಕಳನ್ನು ಚಿಕಿತ್ಸೆಗೆ ಕೂರಿಸದೆ, ತಂದೆ-ತಾಯಿಗಷ್ಟೇ 12 ವಾರ ತರಬೇತಿ ಕೊಟ್ಟರು. ಮಕ್ಕಳಿಗೇ ನೇರವಾಗಿ ಕೊಟ್ಟ ಚಿಕಿತ್ಸೆಯಷ್ಟೇ ಫಲ ಅದರಲ್ಲೂ ಸಿಕ್ಕಿತು. ಅಂದರೆ ನೀವು ಬದಲಾದರೆ ಅವನು ಬದಲಾಗುತ್ತಾನೆ, ಅವನನ್ನು ಒತ್ತಾಯಿಸಬೇಕಾಗಿಲ್ಲ.

ಮೊದಲ ಮೆಟ್ಟಿಲು ಚಿಕ್ಕದಿರಲಿ. ಮನೆಗೆ ಹತ್ತಿರದ ಅಂಗಡಿಗೆ 20 ರೂಪಾಯಿ ಕೊಟ್ಟು ಕೊತ್ತಂಬರಿ ಸೊಪ್ಪು ತರಲು ಕಳಿಸಿ. ಅದಕ್ಕೆ ಮೊದಲು ಎರಡು ದಿನ ಜೊತೆಗೆ ನಡೆಯಿರಿ, ಅವನು ಮುಂದೆ, ನೀವು ಹಿಂದೆ. ರಸ್ತೆ ದಾಟುವಾಗ ಯಾವ ಕಡೆ ನೋಡಬೇಕು ಅಂತ ಅವನೇ ನಿಮಗೆ ಹೇಳಲಿ. ನಾಯಿ ಬಂದರೆ ಓಡಬಾರದು, ಕೈ ಮೈಗೆ ಹಚ್ಚಿಕೊಂಡು ಸುಮ್ಮನೆ ನಿಲ್ಲಬೇಕು ಅಂತ ಆಡಿ ತೋರಿಸಿ. ಅಂಗಡಿಯವರಿಗೆ, ಗೇಟಿನ ಸೆಕ್ಯೂರಿಟಿಯವರಿಗೆ, ಇಸ್ತ್ರಿ ಅಂಗಡಿಯವರಿಗೆ ಅವನ ಪರಿಚಯ ಮಾಡಿಸಿ. ಬೀದಿಗೆ ಮತ್ತೆ ಕಣ್ಣು ಬರಿಸುವುದು ಹೀಗೆಯೇ. ಮೂರನೇ ದಿನ ಒಬ್ಬನೇ ಹೋಗಲಿ. ಬಾಲ್ಕನಿಗೆ ಹೋಗಬೇಡಿ, ಅಡುಗೆಮನೆಯಲ್ಲಿರಿ. ನಿಮಗೆ ಎದೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳಲಿ, ಗಡಿಯಾರ ನೋಡಿಕೊಂಡು ಅದು ಇಳಿಯುವುದನ್ನು ಗಮನಿಸಿ. ಇದರಲ್ಲಿ ಅಪಾಯವೇ ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಅವನು ಎಡವಬಹುದು, ಚಿಲ್ಲರೆ ಕಳೆದುಕೊಳ್ಳಬಹುದು, ಅಳುತ್ತಾ ಅರ್ಧದಿಂದ ವಾಪಸ್ ಬರಬಹುದು. ಬಂದರೆ ಬೈಯಬೇಡಿ, ಮುದ್ದು ಮಾಡಿ ನೀವೇ ಹೋಗಿ ತರಲೂ ಬೇಡಿ. ಅವತ್ತಿನ ಸಾರಿಗೆ ಕೊತ್ತಂಬರಿ ಇರುವುದಿಲ್ಲ, ಅಷ್ಟೇ. ನಾಳೆ ಮತ್ತೆ ಕಳಿಸಿ.

ಆಮೇಲೆ ನಂದಿನಿ ಬೂತಿನ ಹಾಲು. ಆಮೇಲೆ ಶಾಲೆಯಿಂದ ಗೆಳೆಯರ ಜೊತೆ ನಡೆದು ಬರುವುದು, ಮೊದಲು ಅರ್ಧ ದಾರಿ ನೀವು ಎದುರು ಹೋಗಿ. ದಾರಿಯಲ್ಲಿ ಫುಟ್‌ಪಾತ್ ಇಲ್ಲದ ದೊಡ್ಡ ರಸ್ತೆ ದಾಟಬೇಕಿದ್ದರೆ ಆ ಒಂದು ಜಾಗಕ್ಕೆ ದೊಡ್ಡವರು ಬೇಕೇ ಬೇಕು, ಅದು ಅತಿ ಕಾಳಜಿ ಅಲ್ಲ, ನಮ್ಮ ರಸ್ತೆಗಳೇ ಹಾಗಿವೆ. ಮಲಗುವುದನ್ನು ಕೊನೆಗಿಡಿ, ರಾತ್ರಿಯ ಭಯ ಎಲ್ಲಕ್ಕಿಂತ ಹಟಮಾರಿ. ನಿಮ್ಮ ಹಾಸಿಗೆ ಅವನ ಮಂಚದ ಪಕ್ಕದಿಂದ ಬಾಗಿಲ ಹತ್ತಿರಕ್ಕೆ, ಅಲ್ಲಿಂದ ಹೊರಗೆ, ವಾರಕ್ಕೊಂದು ಸಲ ಸ್ವಲ್ಪ ಸ್ವಲ್ಪ ಸರಿಯಲಿ.

‘ನನ್ನ ಯಾರಾದ್ರೂ ಎತ್ಕೊಂಡು ಹೋಗ್ತಾರಾ’ ಅಂತ ಕೇಳುತ್ತಾನಲ್ಲ, ‘ಇಲ್ಲಪ್ಪ, ಯಾರೂ ಬರಲ್ಲ’ ಅಂತ ದಿನಾ ಹೇಳುತ್ತಿರುತ್ತೀರಿ. ಅದು ಐದು ನಿಮಿಷಕ್ಕಷ್ಟೇ ಕೆಲಸ ಮಾಡುತ್ತದೆ. ಒಂದು ಸಲ ಸರಿಯಾಗಿ ಕೂರಿಸಿ ಉತ್ತರ ಕೊಡಿ. ‘ನಾನು ಲೇಟಾದರೆ ಗೇಟಿನ ಒಳಗೇ ಇರು, ಮಿಸ್ ಹತ್ತಿರ ಹೇಳು, ನನ್ನ ನಂಬರ್ ನಿನಗೆ ಬಾಯಿಪಾಠ ಇದೆ.’ ಮತ್ತೆ ಕೇಳಿದಾಗ ಹೀಗೆ ಹೇಳಿ: ‘ನಿನಗೆ ಭಯ ಆಗ್ತಿದೆ ಅಂತ ನಂಗೊತ್ತು ಮಗ. ಅದನ್ನ ತಡ್ಕೊಳ್ಳೋ ಶಕ್ತಿನೂ ನಿನಗಿದೆ ಅಂತ ನಂಗೊತ್ತು.’ ಎರಡೂ ಭಾಗ ಬೇಕು. ಮೊದಲನೆಯದು ಮಾತ್ರ ಹೇಳಿದರೆ ಭಯಕ್ಕೆ ಒತ್ತಾಸೆ, ಎರಡನೆಯದು ಮಾತ್ರ ಹೇಳಿದರೆ ಅವನು ಒಂಟಿ. ಮೊದಮೊದಲು ಅವನು ಇನ್ನೂ ಜೋರಾಗಿ ಕೇಳುತ್ತಾನೆ, ಅಳುತ್ತಾನೆ. ಒಂದೆರಡು ವಾರ ಹಾಗಿರುತ್ತದೆ, ಗಟ್ಟಿಯಾಗಿರಿ. ಮನೆಯಲ್ಲಿ ಯಾರಾದರೂ ‘ಊಟ ಮಾಡದಿದ್ರೆ ಗುಮ್ಮ ಬರ್ತಾನೆ, ಪೊಲೀಸಿಗೆ ಹಿಡಿದು ಕೊಡ್ತೀನಿ’ ಅಂತ ಹೆದರಿಸುವ ಅಭ್ಯಾಸ ಇದ್ದರೆ ಇವತ್ತಿಗೇ ನಿಲ್ಲಿಸಿ. ದಾರಿ ತಪ್ಪಿದ ದಿನ ಅವನು ಓಡಿಹೋಗಬೇಕಾದದ್ದು ಆ ಪೊಲೀಸರ ಹತ್ತಿರಕ್ಕೇ. 1098 ಅನ್ನುವ ಮಕ್ಕಳ ಸಹಾಯವಾಣಿಯ ನಂಬರನ್ನೂ ಬಾಯಿಪಾಠ ಮಾಡಿಸಿ.

ವಾಚ್ ಬಗ್ಗೆ ಒಂದು ಮಾತು. ಅದನ್ನು ಬಿಸಾಡಬೇಕಾಗಿಲ್ಲ. ಆದರೆ ದಿನಕ್ಕೆ ಎಷ್ಟು ಸಲ ನೋಡುತ್ತೀರಿ ಅಂತ ಬರೆದಿಡಿ. ಶಾಲೆಯೊಳಗೆ ಅವನು ಕೂತಿದ್ದಾನೆ ಅಂತ ಗೊತ್ತಿದ್ದೂ ನೋಡುವುದು ಅವನ ಸುರಕ್ಷತೆಗಲ್ಲ, ನಿಮ್ಮ ಸಮಾಧಾನಕ್ಕೆ. ಪ್ರತಿ ಸಲ ನೋಡಿದಾಗ ಮುಂದಿನ ಸಲದ ಗಾಬರಿ ಸ್ವಲ್ಪ ಬೆಳೆಯುತ್ತದೆ. ಮಕ್ಕಳ ಕಳ್ಳರ ವಿಡಿಯೋ ಬರುವ ಗ್ರೂಪುಗಳಿಂದಲೂ ಹೊರಗೆ ಬನ್ನಿ, ಸಾಧ್ಯವಾಗದಿದ್ದರೆ ಮ್ಯೂಟ್ ಮಾಡಿ.

ಎರಡು ತಿಂಗಳು ಹೀಗೆ ಮಾಡಿಯೂ ಹೊಟ್ಟೆನೋವು ನಿಲ್ಲದಿದ್ದರೆ, ಶಾಲೆ ತಪ್ಪಿಸುವುದು ಶುರುವಾದರೆ, ಊಟ-ತೂಕ ಇಳಿದರೆ, ಅಥವಾ ಸಾವಿನ ಮಾತಾಡಿದರೆ ಕಾಯಬೇಡಿ. ಮಕ್ಕಳ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ನೋಡಿ. ಮಾತಿನ ಚಿಕಿತ್ಸೆಯಿಂದಲೇ ಬಹಳ ಮಕ್ಕಳು ಸುಧಾರಿಸುತ್ತಾರೆ, ಕೆಲವರಿಗೆ ಮಾತ್ರ ಮಾತ್ರೆ ಬೇಕಾಗುತ್ತದೆ. ಎಲ್ಲಿ ಹೋಗಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮಗೋಸ್ಕರವೂ ಫೋನ್ ಮಾಡಿ. ಹತ್ತು ವರ್ಷ ಹಗಲು-ರಾತ್ರಿ ಕಾವಲು ಕಾದವರು ನೀವು. ನಿದ್ದೆ ಬಾರದ ರಾತ್ರಿಗಳ ಬಗ್ಗೆ ಯಾರ ಹತ್ತಿರವಾದರೂ ಕೂತು ಹೇಳಿಕೊಳ್ಳಬೇಕು, ಎನ್‌ಐಸಿಯುನಿಂದ ಶುರುಮಾಡಿ.

ಬೇಲೂರು-ಹಳೇಬೀಡು ಎಲ್ಲೂ ಹೋಗುವುದಿಲ್ಲ. ಮುಂದಿನ ಟ್ರಿಪ್‌ಗೆ ಇನ್ನೂ ಒಂದು ವರ್ಷ ಸಮಯ ಇದೆ. ಈ ಭಾನುವಾರ ಕೊತ್ತಂಬರಿ ಸೊಪ್ಪಿನಿಂದ ಶುರುಮಾಡಿ. ಅವನು ಎಷ್ಟು ಹೊತ್ತಿಗೆ ಬಂದ, ಚಿಲ್ಲರೆ ಸರಿಯಾಗಿ ತಂದನಾ, ನೀವು ಎಷ್ಟು ಸಲ ಬಾಲ್ಕನಿಯ ಬಾಗಿಲವರೆಗೆ ಹೋಗಿ ವಾಪಸ್ ಬಂದಿರಿ, ಬರೆದು ಕಳಿಸಿ.